ಮಳೆಗಾಲದ ದೀಪ: ಶುಕ್ರವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ.

ಜೂನ್ ಬಂತೆಂದರೆ ಶಿರಸಿ ಕಡೆ ಮಟಮಟ ಮಧ್ಯಾಹ್ನವೂ ಮನೆಯೊಳಗೆ ಕತ್ತಲು, ಅಲ್ವಾ? ಹೊಸ ದೀಪ ಬೇಕಾದವರಿಗೆಲ್ಲ ಒಟ್ಟಿಗೇ ತರಿಸುತ್ತಿದ್ದೇವೆ. ಶನಿವಾರ ಸಂಜೆ ಆರ್ಡರ್ ಕೊಡುತ್ತೇವೆ.

ದಯವಿಟ್ಟು ಎಲ್ಲ ಕೋಣೆಗೂ ಸುಮ್ನೆ ಬಿಳಿ ಟ್ಯೂಬ್‌ಲೈಟ್ ಬರೆಯಬೇಡಿ. ಡಿಸೆಂಬರ್‌ನಲ್ಲಿ ದಿನಕ್ಕೆ ಸುಮಾರು 7 ಗಂಟೆ ಮಾತ್ರ ಹಗಲಿರುವ ಡೆನ್ಮಾರ್ಕಿನಲ್ಲಿ ಊಟದ ಮೇಜಿನಿಂದ ಎರಡಡಿ ಎತ್ತರಕ್ಕೇ ದೀಪ ತೂಗುಬಿಡುತ್ತಾರೆ. ಅಲ್ಲಿನ ವಿನ್ಯಾಸಕಾರ ಪೌಲ್ ಹೆನ್ನಿಂಗ್ಸನ್ 1958ರಲ್ಲಿ ಮಾಡಿದ ಪಿಎಚ್ 5 ದೀಪದಲ್ಲಂತೂ ಬಲ್ಬ್ ಕಣ್ಣಿಗೆ ಚುಚ್ಚುವುದೇ ಇಲ್ಲ, ಪದರ ಪದರವಾದ ತಗಡಿಗೆ ಬಡಿದು ಬೆಳಕಷ್ಟೇ ಮೆತ್ತಗೆ ಕೆಳಗಿಳಿಯುತ್ತದೆ. ನಮ್ಮ ಮರದ ಅಟ್ಟ, ಕೆಂಪು ನೆಲಕ್ಕೆ ಇಂಥ ಬೆಳಕೇ ಚಂದ. ಅಷ್ಟು ದುಬಾರಿಯದು ಬೇಡ, ಬಲ್ಬ್ ಮರೆಮಾಡುವ ಶೇಡ್ ಇದ್ದರೆ ಸಾಕು.

ಬರೆಯಬೇಕಾದ್ದು: ಯಾವ ಕೋಣೆ, ಎಷ್ಟು ದೀಪ, ಮಾಡು ಎಷ್ಟು ಎತ್ತರ (ಅಟ್ಟ ಇರುವವರು ಅಳೆದೇ ಬರೆಯಿರಿ). ಊಟ ಮಾಡುವ, ಕೂರುವ ಜಾಗಕ್ಕೆ 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹಳದಿ ಬೆಳಕು, ಅಡುಗೆಮನೆಗೆ 4000 ಕೆಲ್ವಿನ್ ಬಿಳಿ ಬೆಳಕು. ಇರಚಲು ಹೊಡೆಯುವ ಹೊರಜಗಲಿಗೆ ಐಪಿ 65 (ಧೂಳು, ನೀರು ಒಳಹೋಗದು ಎಂಬ ಗುರುತು) ಎಂದು ಬರೆದದ್ದೇ ಬೇಕು, ಇದರಲ್ಲಿ ಉಳಿತಾಯ ನೋಡಬೇಡಿ.

ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಉತ್ತರಿಸಿ. ಬೇಡದವರೂ 'ಬೇಡ' ಎಂದು ಹಾಕಿ, ಲೆಕ್ಕಕ್ಕೆ ಅನುಕೂಲ.