ಕೂ ಹಾಕಿದರೆ ಕೇಳಿಸದ ಕಾಡಿನಲ್ಲಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ, ಉಪಗ್ರಹ ಸಂಪರ್ಕವಿರುವ ಹೊಸ ಮೊಬೈಲ್ ಫೋನುಗಳನ್ನು ಕುರಿತ ಲೇಖನ ಓದಿದೆ. ಅದರಲ್ಲಿನ ಬಹುಪಾಲು ಮಾಹಿತಿ ಸರಿಯಾಗಿಯೇ ಇದೆ. ಆದರೆ ಅಮೆರಿಕದ ಕಾಡುಗಳಿಗೆ ಬೇಟೆಗೋ ಚಾರಣಕ್ಕೋ ಹೋಗುವವರಿಗೆ ಇನ್ನು ಮುಂದೆ ಫೋನಲ್ಲದೆ ಬೇರೇನೂ ಬೇಕಾಗಿಲ್ಲ ಎಂದು ಕೊನೆಗೆ ಬರೆದಿರುವ ಮಾತನ್ನು ನಂಬಿ, ಇಲ್ಲಿ ನೆಲೆಸಿರುವ ಕನ್ನಡಿಗ ಹುಡುಗರು ಯಾರಾದರೂ ಹೊರಟುಬಿಟ್ಟಾರೆಂಬ ಆತಂಕದಿಂದ ಇದನ್ನು ಬರೆಯುತ್ತಿದ್ದೇನೆ. ನಾನು ಕೊಪ್ಪ ತಾಲ್ಲೂಕಿನವನು. ಹದಿನೇಳು ವರ್ಷಗಳಿಂದ ಕೊಲೊರಾಡೊ ರಾಜ್ಯದಲ್ಲಿದ್ದೇನೆ; ಒಂಬತ್ತು ವರ್ಷಗಳಿಂದ, ಇಲ್ಲಿನ ಕಾನೂನಿನಂತೆ ಬೇಟೆಗಾರರ ಸುರಕ್ಷತಾ ತರಬೇತಿ ಮುಗಿಸಿ ಪರವಾನಗಿ ಪಡೆದು, ಪ್ರತಿ ಅಕ್ಟೋಬರಿನಲ್ಲಿ ಸಹೋದ್ಯೋಗಿಗಳ ಜೊತೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿ ಎಂಬ ಪದವನ್ನೇ ಮೆಲ್ಲಗೆ ಉಚ್ಚರಿಸುವ ಊರಿನವನಾದ ನನಗೆ, ಇದನ್ನು ಓದಿ ಕೆಲವರಿಗೆ ಕಸಿವಿಸಿಯಾದೀತೆಂಬ ಅರಿವಿದೆ. ಬೇಟೆಯ ಸರಿತಪ್ಪು ಈ ಪತ್ರದ ವಿಷಯವಲ್ಲ.

ಚಾರಣಿಗನಿಗೂ ಬೇಟೆಗಾರನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಚಾರಣಿಗನು ಕಾಲುದಾರಿ ಹಿಡಿದು ಹೋಗುತ್ತಾನೆ. ಕಾಲು ಉಳುಕಿ ಕುಳಿತರೂ ಅದೇ ದಾರಿಯಲ್ಲಿ ಇನ್ನೊಬ್ಬರು ಬಂದೇ ಬರುತ್ತಾರೆ. ಬೇಟೆಗಾರನು ಬೇಕೆಂದೇ ದಾರಿ ಬಿಡುತ್ತಾನೆ. ನಮ್ಮ ಕಡವೆಗಿಂತಲೂ ದೊಡ್ಡದಾದ ಎಲ್ಕ್, ಜನ ಸುಳಿಯದ ಜಾಗವನ್ನೇ ಹುಡುಕಿಕೊಂಡು ನಿಲ್ಲುತ್ತದೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಇಲ್ಲಿ ಬೇಟೆಗೆ ಅವಕಾಶವಿರುವುದರಿಂದ, ಹೋಗುವುದೂ ಕತ್ತಲಲ್ಲಿ, ಮರಳುವುದೂ ಕತ್ತಲಲ್ಲಿ. ಪ್ರಾಣಿ ಸಿಕ್ಕಿತೆಂದರೆ ಮಾಂಸವನ್ನು ಬೆನ್ನ ಮೇಲೆ ಹೊತ್ತು ಅದೇ ಜಾಗಕ್ಕೆ ನಾಲ್ಕೈದು ಸಲ ಹೋಗಿ ಬರಬೇಕು. ಗಾಯಗೊಂಡು ಓಡಿತೆಂದರೆ ಕೊನೆಯ ರಕ್ತದ ಹನಿ ಬಿದ್ದ ಜಾಗವನ್ನು ಗುರುತು ಹಾಕಿಕೊಂಡು ಅಲ್ಲಿಂದಲೇ ಹುಡುಕಬೇಕು. ಇಷ್ಟೆಲ್ಲಕ್ಕೂ ದಿನವಿಡೀ ಒಂದೇ ಫೋನನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ನಾನು ಈಚಿನ ಒಂದು ಬೇಟೆಯಲ್ಲಿ ಕಂಡೆ.

ರಾಜ್ಯದ ವಾಯವ್ಯಕ್ಕಿರುವ ಫ್ಲಾಟ್ ಟಾಪ್ಸ್ ಎಂಬ ಅರಣ್ಯ ಪ್ರದೇಶದಲ್ಲಿ ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದಲ್ಲಿದ್ದೆವು. 1940ರ ದಶಕದಲ್ಲಿ ತೊಗಟೆ ಕೊರೆಯುವ ಜೀರುಂಡೆಗಳು ಅಲ್ಲಿನ ಸ್ಪ್ರೂಸ್ ಮರಗಳನ್ನು ಎಕರೆಗಟ್ಟಲೆ ಕೊಂದವು. ಆಗ ಸತ್ತು ಬಿದ್ದ ಬೊಡ್ಡೆಗಳ ಮೇಲೆ ಕಾಲಿಡುವಾಗ ಈಗಲೂ ಎಚ್ಚರ ಬೇಕು. ಸಂಜೆ ಐದು ಗಂಟೆಯ ಹೊತ್ತಿಗೆ, ಹಿಮ ಕೂತಿದ್ದ ಅಂಥದೊಂದು ಬೊಡ್ಡೆಯಿಂದ ಜಾರಿದ ಗೆಳೆಯನ ಎಡಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಬೆಳಿಗ್ಗೆಯಿಂದ ನಕ್ಷೆ ತೋರಿಸುತ್ತಿದ್ದ ನನ್ನ ಫೋನಿನಲ್ಲಿ ಆಗ ಉಳಿದಿದ್ದ ಬ್ಯಾಟರಿ ನೂರಕ್ಕೆ 19. ಆ ಚಳಿಗೆ ಅದೂ ನೋಡನೋಡುತ್ತಿದ್ದಂತೆ ಇಳಿಯುತ್ತಿತ್ತು. ನಾವಿದ್ದುದು ಕಡಿದಾದ ಕಮರಿ. ಮೇಲೆ ನೋಡಿದರೆ ಮರಗಳ ನಡುವೆ ಅಂಗೈಯಗಲದ ಆಕಾಶ. ಉಪಗ್ರಹದ ಕಡೆಗೆ ತಿರುಗಿಸಿ ಎಂದು ಫೋನು ಹೇಳುತ್ತಲೇ ಇತ್ತು, ನಾನು ತಿರುಗಿಸುತ್ತಲೇ ಇದ್ದೆ. ನಮ್ಮ ಪುಣ್ಯಕ್ಕೆ ಗೆಳೆಯನ ಚೀಲದ ಭುಜಪಟ್ಟಿಗೆ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಕೇವಲ 100 ಗ್ರಾಂ ತೂಗುವ ಉಪಗ್ರಹ ಸಂದೇಶ ಸಾಧನ ಸಿಕ್ಕಿಸಿತ್ತು. ಅದೂ ಕೂಡಲೇ ಕೆಲಸ ಮಾಡಲಿಲ್ಲ. ಮೊದಲ ಸಂದೇಶ ಹೋಗಲು 14 ನಿಮಿಷ ಹಿಡಿಯಿತು. ಆಮೇಲೆ ತುರ್ತು ಕೇಂದ್ರದಿಂದ ಬಂದ ಪ್ರಶ್ನೆಗಳು ಮಾತ್ರ ಇಂದಿಗೂ ನೆನಪಿವೆ: ರಕ್ತ ಸೋರುತ್ತಿದೆಯೇ, ಬೂಟು ಬಿಚ್ಚಿ ಬೆರಳು ಮುಟ್ಟಿದರೆ ತಿಳಿಯುತ್ತದೆಯೇ, ಬೆಂಕಿ ಹಾಕಲು ಸಾಧ್ಯವೇ. ಪೂರ್ವದ ದಾರಿಯಲ್ಲಿ ಮರ ಉರುಳಿ ಕುದುರೆ ಬರುವಂತಿಲ್ಲ, ಪಶ್ಚಿಮದ ದಿಣ್ಣೆಯಿಂದ ಬನ್ನಿ ಎಂದು ನಾನು ಬರೆದ ಒಂದು ಸಾಲು ರಕ್ಷಣಾ ತಂಡದ ಮೂರು ಗಂಟೆ ಉಳಿಸಿತೆಂದು ಆಮೇಲೆ ತಿಳಿಯಿತು. ರಾತ್ರಿ ಒಂದೂವರೆಗೆ ಕುದುರೆಗಳೊಂದಿಗೆ ಬಂದ ನಾಲ್ವರೂ ಸ್ವಯಂಸೇವಕರು. ಅವರಲ್ಲೊಬ್ಬರು ಊರಿನ ಶಾಲಾ ಬಸ್ಸಿನ ಚಾಲಕರು.

ಈ ಅನುಭವದಿಂದ ನಾನು ಪಾಲಿಸಿಕೊಂಡು ಬಂದಿರುವ ನಿಯಮ ಒಂದೇ: ದಾರಿ ತೋರುವ ಕೆಲಸವೂ ಸಹಾಯ ಕರೆಯುವ ಕೆಲಸವೂ ಒಂದೇ ಬ್ಯಾಟರಿಯನ್ನು ಅವಲಂಬಿಸಿರಬಾರದು. ಕೊಳ್ಳುವಾಗ ಪರದೆಯ ಅಳತೆ, ಬಣ್ಣ ನೋಡುವ ಬದಲು, ಈ ಸಾಧನದಿಂದ ಹೊರಟ ಕೂಗು ಯಾವ ದಾರಿಯಲ್ಲಿ ಹೋಗಿ ಯಾರ ಕಿವಿಗೆ ಬೀಳುತ್ತದೆ ಎಂದು ಅಂಗಡಿಯಲ್ಲೇ ಕೇಳಬೇಕು. ಆಪಲ್ ಕಂಪನಿಯ ಫೋನುಗಳಲ್ಲಿ 2022ರ ನವೆಂಬರಿನಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಆರಂಭವಾದ ತುರ್ತು ಸೇವೆ ಗ್ಲೋಬಲ್‌ಸ್ಟಾರ್ ಉಪಗ್ರಹಗಳನ್ನು ಬಳಸುತ್ತದೆ. ಬಯಲಿನಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ದಟ್ಟ ಮರಗಳ ಅಡಿಯಲ್ಲಿ ಸಂದೇಶ ಹೋಗದೆಯೂ ಇರಬಹುದೆಂದು ಕಂಪನಿಯೇ ಮುಚ್ಚುಮರೆಯಿಲ್ಲದೆ ತಿಳಿಸಿದೆ. ಗಾರ್ಮಿನ್ ಇನ್‌ರೀಚ್, ಝೋಲಿಯೊ ಮೊದಲಾದ ಪ್ರತ್ಯೇಕ ಸಾಧನಗಳು ಇರಿಡಿಯಂ ಜಾಲದ 66 ಉಪಗ್ರಹಗಳನ್ನು ನೆಚ್ಚಿಕೊಂಡಿವೆ. ಇವು ಸುಮಾರು 780 ಕಿ.ಮೀ. ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತ ಒಂದರಿಂದ ಒಂದಕ್ಕೆ ಸಂದೇಶ ದಾಟಿಸುತ್ತವೆ. ಒಂದೊಂದು ಉಪಗ್ರಹವೂ ಕೆಲವೇ ನಿಮಿಷಗಳಲ್ಲಿ ಆಕಾಶ ದಾಟಿಬಿಡುತ್ತದೆ. ಆದ್ದರಿಂದಲೇ ಕಮರಿಯಲ್ಲಿ ಕಾಯಬೇಕಾಗುತ್ತದೆ, ಕಾದರೆ ಸಿಗುತ್ತದೆ ಕೂಡ. ಇವಕ್ಕೆ ತಿಂಗಳ ಚಂದಾ ಕಟ್ಟಬೇಕು. ಬೇಸಿಗೆಯಲ್ಲಿ ಚಂದಾ ನಿಲ್ಲಿಸಿದ್ದವರು ಅಕ್ಟೋಬರಿನಲ್ಲಿ ಅದನ್ನು ಮರಳಿ ಚಾಲೂ ಮಾಡಲು ಮರೆತು ಹೊರಡುವುದನ್ನು ನಾನು ಒಮ್ಮೆಯಲ್ಲ, ಎರಡು ಸಲ ನೋಡಿದ್ದೇನೆ.

ಚಂದಾ ಬೇಡವೆನ್ನುವವರಿಗೆ ಪಿಎಲ್‌ಬಿ ಎಂಬ ವೈಯಕ್ತಿಕ ಅಪಾಯಸೂಚಕವಿದೆ. ಅದು 406 ಮೆಗಾಹರ್ಟ್ಸ್‌ನಲ್ಲಿ 5 ವಾಟ್ ಬಲದ ಸಂಕೇತ ಕಳಿಸುತ್ತದೆ. ಒಮ್ಮೆ ಹಚ್ಚಿದರೆ ಕನಿಷ್ಠ 24 ಗಂಟೆ ಕೂಗುತ್ತಲೇ ಇರುತ್ತದೆ. ಅಮೆರಿಕದಲ್ಲಿ ನೋವಾ ಎಂಬ ಸರ್ಕಾರಿ ಸಾಗರ ಮತ್ತು ವಾತಾವರಣ ಸಂಸ್ಥೆಯಲ್ಲಿ ಉಚಿತವಾಗಿ ನೋಂದಾಯಿಸಿ, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಸಂಕೇತ ಬಂದಾಗ ಅಧಿಕಾರಿಗಳು ಅಲ್ಲಿ ಕೊಟ್ಟಿರುವ ದೂರವಾಣಿ ಸಂಖ್ಯೆಗಳಿಗೇ ಮೊದಲು ಕರೆ ಮಾಡುತ್ತಾರೆ. ಈ ಸಂಕೇತವನ್ನು ಹಿಡಿಯುವ ಕಾಸ್ಪಾಸ್-ಸಾರ್ಸಾಟ್ ವ್ಯವಸ್ಥೆಯು 1979ರಲ್ಲಿ, ಶೀತಲ ಸಮರದ ನಡುವೆಯೇ, ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ ಮತ್ತು ಫ್ರಾನ್ಸ್ ಸೇರಿ ಕಟ್ಟಿದ್ದು. ಅದರ ಭಾರತೀಯ ನಿಯಂತ್ರಣ ಕೇಂದ್ರವು ಬೆಂಗಳೂರಿನಲ್ಲಿ, ಇಸ್ರೊದ ಇಸ್ಟ್ರಾಕ್‌ನಲ್ಲಿದೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಂತಿಲ್ಲ. ಪಿಎಲ್‌ಬಿಯ ಕೊರತೆಯೆಂದರೆ ಅದು ಕೂಗಬಲ್ಲುದೇ ಹೊರತು ಮಾತಾಡಲಾರದು. ಪಶ್ಚಿಮದ ದಿಣ್ಣೆಯಿಂದ ಬನ್ನಿ ಎಂದು ಅದು ಹೇಳಲಾರದು. ಒಬ್ಬನೇ ಹೋಗುವ, ಯಂತ್ರದ ಗೋಜು ಬೇಡವೆನ್ನುವ ಹಿರಿಯ ಬೇಟೆಗಾರನಿಗೆ ನಾನು ಪಿಎಲ್‌ಬಿಯನ್ನೇ ಸೂಚಿಸುತ್ತೇನೆ. ಮನೆಯಲ್ಲಿ ಹೆಂಡತಿ ಮಕ್ಕಳು ಕಾಯುತ್ತಿರುವವನಿಗೆ, ಇಂದು ತಡವಾಗುತ್ತದೆ, ಚಿಂತೆ ಬೇಡ ಎಂದು ಬರೆಯಬಲ್ಲ ಸಾಧನವೇ ಲೇಸು. ನಿಷ್ಕಾರಣವಾದ ಎಷ್ಟೋ ಹುಡುಕಾಟಗಳು ಆ ಒಂದು ಸಾಲಿನಿಂದ ತಪ್ಪುತ್ತವೆ.

ದಾರಿಯ ವಿಷಯಕ್ಕೆ ಬಂದರೆ, ನನ್ನ ಮಾತು ಹಳಬರ ಮಾತಿನಂತೆ ಕೇಳಿಸಬಹುದು. ಕಾಗದದ ನಕ್ಷೆ ಮತ್ತು ದಿಕ್ಸೂಚಿಯನ್ನು ಬಿಟ್ಟು ಹೋಗಬಾರದು. ಇಲ್ಲಿನ ಭೂಸರ್ವೇಕ್ಷಣ ಸಂಸ್ಥೆಯ 1:24,000 ಪ್ರಮಾಣದ ನಕ್ಷೆಗಳಲ್ಲಿ ಎತ್ತರದ ಗೆರೆಗಳು ಎಷ್ಟು ಸ್ಪಷ್ಟವಾಗಿರುತ್ತವೆಂದರೆ, ಗೆರೆಗಳು ಒತ್ತಾಗಿರುವ ಕಡೆ ಮಾಂಸ ಹೊತ್ತು ಇಳಿಯಲಾಗದೆಂಬುದು ಊಟದ ಮೇಜಿನಲ್ಲೇ ತಿಳಿಯುತ್ತದೆ. ದಿಕ್ಸೂಚಿಯನ್ನು ಮಾತ್ರ ಊರಿನಿಂದ ತರಬೇಡಿ. ದಕ್ಷಿಣ ಭಾರತವು ಭೂಕಾಂತದ ಮಧ್ಯರೇಖೆಗೆ ಹತ್ತಿರವಿರುವುದರಿಂದ ನಮ್ಮಲ್ಲಿ ಮುಳ್ಳು ಹೆಚ್ಚುಕಡಿಮೆ ಮಟ್ಟಸವಾಗಿ ನಿಲ್ಲುತ್ತದೆ. ಕೊಲೊರಾಡೊದಲ್ಲಿ ಅದರ ಉತ್ತರದ ತುದಿಯನ್ನು ಭೂಮಿ 60 ಡಿಗ್ರಿಗೂ ಹೆಚ್ಚು ಓರೆಯಾಗಿ ಕೆಳಕ್ಕೆಳೆಯುತ್ತದೆ. ಚಿಕ್ಕಮಗಳೂರಿನಲ್ಲಿ ಕೊಂಡಿದ್ದ ನನ್ನ ದಿಕ್ಸೂಚಿಯ ಮುಳ್ಳು ಇಲ್ಲಿ ತಳಕ್ಕೆ ತಗುಲಿ, ತಟ್ಟಿದಾಗಲೆಲ್ಲ ಒಂದೊಂದು ಕಡೆ ನಿಂತು, ಮೊದಲ ವರ್ಷ ನನ್ನನ್ನು ಚೆನ್ನಾಗಿ ಸತಾಯಿಸಿತು. ಆಯಾ ವಲಯಕ್ಕೆ ಸಮತೋಲ ಮಾಡಿದ ದಿಕ್ಸೂಚಿಗಳು ಬೇರೆಯೇ ಇರುತ್ತವೆಂದು ಆಗ ತಿಳಿಯಿತು. ಅದಲ್ಲದೆ ಇಲ್ಲಿ ಮುಳ್ಳು ತೋರಿಸುವ ಉತ್ತರವು ನಿಜವಾದ ಉತ್ತರದಿಂದ ಸುಮಾರು 8 ಡಿಗ್ರಿ ಪೂರ್ವಕ್ಕಿದೆ. 8 ಡಿಗ್ರಿಯನ್ನು ಲೆಕ್ಕಕ್ಕೆ ಹಿಡಿಯದೆ ನಡೆದರೆ ಒಂದು ಕಿಲೋಮೀಟರಿಗೆ ಸುಮಾರು 140 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ಕತ್ತಲಲ್ಲಿ ಡೇರೆ ತಪ್ಪಿಹೋಗಲು ಅಷ್ಟು ಧಾರಾಳವಾಗಿ ಸಾಕು.

ಫೋನಿನ ನಕ್ಷೆಗಳನ್ನು ನಾನು ಹಳಿಯುತ್ತಿಲ್ಲ. ಮೊಂಟಾನಾದ ಆನ್‌ಎಕ್ಸ್ ತಂತ್ರಾಂಶದಂಥವು ಸರ್ಕಾರಿ ಭೂಮಿ ಎಲ್ಲಿ ಮುಗಿದು ಖಾಸಗಿ ಭೂಮಿ ಎಲ್ಲಿ ಶುರುವಾಗುತ್ತದೆಂದು ತೋರಿಸುವ ಉಪಕಾರವನ್ನು ಕಾಗದ ಮಾಡಲಾರದು. ಪಕ್ಕದ ವಯೋಮಿಂಗ್‌ನಲ್ಲಿ, 19ನೆಯ ಶತಮಾನದಲ್ಲಿ ಸರ್ಕಾರ ರೈಲ್ವೆ ಕಂಪನಿಗಳಿಗೆ ಕೊಟ್ಟ ಭೂದಾನದಿಂದಾಗಿ ಭೂಮಿ ಚದುರಂಗದ ಹಾಸಿನ ಕಪ್ಪು ಬಿಳಿ ಮನೆಗಳಂತೆ ಸರ್ಕಾರಿ, ಖಾಸಗಿ ಎಂದು ಹಂಚಿಹೋಗಿದೆ. ಸರ್ಕಾರಿ ಮನೆಯ ಮೂಲೆಯಿಂದ ಇನ್ನೊಂದು ಸರ್ಕಾರಿ ಮನೆಯ ಮೂಲೆಗೆ ದಾಟಿದ ಬೇಟೆಗಾರರ ಮೇಲಿನ ಮೊಕದ್ದಮೆಯಲ್ಲಿ 2025ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರವಾಗಿ ತೀರ್ಪಿತ್ತಿತು. ಆದರೆ ಬಯಲಿನಲ್ಲೇ ಸುಮಾರು 5 ಮೀಟರ್ ಆಚೀಚೆಯಾಗುವ ಫೋನಿನ ಜಿಪಿಎಸ್, ಅಂಥ ಮೂಲೆಯಲ್ಲಿ ನಿಮ್ಮ ವಕೀಲನಾಗಲಾರದು. ನಕ್ಷೆಗಳನ್ನು ಮನೆಯಲ್ಲೇ ಇಳಿಸಿಕೊಂಡು, ಫೋನನ್ನು ಏರ್‌ಪ್ಲೇನ್ ಮೋಡಿನಲ್ಲಿಟ್ಟು, ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗಿಸಿಟ್ಟುಕೊಂಡರೆ ಬ್ಯಾಟರಿ ಎರಡು ದಿನ ಬರುತ್ತದೆ. ವಾಕಿಟಾಕಿ ಗುಂಪಿನೊಳಗೆ ಮಾತಾಡಲು ಸಾಕು. ಆದರೆ ಪ್ರಾಣಿ ಇರುವ ಜಾಗವನ್ನು ಅದರಲ್ಲಿ ತಿಳಿಸಿ ಬೇಟೆಯಾಡುವುದು ಮೊಂಟಾನಾದಲ್ಲಿ ಅಪರಾಧ, ಆದ್ದರಿಂದ ಆಯಾ ರಾಜ್ಯದ ನಿಯಮ ಓದಿಯೇ ಕೊಳ್ಳಬೇಕು.

ಕೊನೆಯದಾಗಿ ಲೇಖನದಲ್ಲಿ ಬಿಟ್ಟುಹೋಗಿರುವ ಒಂದು ಸಂಗತಿ. ಈ ಉಪಗ್ರಹ ಸಾಧನಗಳನ್ನು ರಜೆಯಲ್ಲಿ ಊರಿಗೆ ಬರುವಾಗ, ಕುದುರೆಮುಖಕ್ಕೋ ಕುಮಾರಪರ್ವತಕ್ಕೋ ಹೋಗುವಾಗ ಬಳಸೋಣವೆಂದು ಯಾರೂ ಪೆಟ್ಟಿಗೆಯಲ್ಲಿ ಹಾಕಿಕೊಳ್ಳಬಾರದು. ದೂರಸಂಪರ್ಕ ಇಲಾಖೆಯ ಪರವಾನಗಿಯಿಲ್ಲದೆ ಇವನ್ನು ಭಾರತಕ್ಕೆ ತರುವುದು ಕಾನೂನುಬಾಹಿರ. 2024ರ ಡಿಸೆಂಬರಿನಲ್ಲಿ ಇನ್‌ರೀಚ್ ಹಿಡಿದಿದ್ದ ಕೆನಡಾದ ಓಟಗಾರ್ತಿಯೊಬ್ಬರನ್ನು ಗೋವಾದ ವಿಮಾನ ನಿಲ್ದಾಣದಲ್ಲಿ ತಡೆದು ಮೊಕದ್ದಮೆ ಹೂಡಲಾಯಿತು. ಬೇಟೆಯ ಚೀಲವನ್ನೇ ಪ್ರವಾಸಕ್ಕೂ ಬಳಸುವ ಅಭ್ಯಾಸವಿರುವ ನಾನು, ಕಳೆದ ಸಲ ಹೊರಡುವ ಹಿಂದಿನ ರಾತ್ರಿ ಅದರ ಭುಜಪಟ್ಟಿಯಿಂದ ಸಾಧನವನ್ನು ಬಿಚ್ಚಿ ಅಡುಗೆಮನೆಯ ಡ್ರಾಯರಿನಲ್ಲಿಟ್ಟು ಬಂದೆ.

ಇಂತಿ,
ಕೊಲೊರಾಡೊದಿಂದ ಒಬ್ಬ ಓದುಗ
(ಊರಿನಲ್ಲಿರುವ ಅಮ್ಮನಿಗೆ ಬೇಟೆಯ ಸಂಗತಿ ಇನ್ನೂ ತಿಳಿಯದಿರುವುದರಿಂದ ಹೆಸರು ಪ್ರಕಟಿಸಬಾರದಾಗಿ ಕೋರುತ್ತೇನೆ.)