ಗಳಿಗೆ ಬಟ್ಟಲಿಗೆ ಬಿದ್ದ ಮುತ್ತು

ಎಲ್ಲರಿಗೂ ನಮಸ್ಕಾರ.

ಯುಗಾದಿ ಹೊತ್ತಿಗೆ ಅಮೆರಿಕದ ನಮ್ಮ ಕನ್ನಡ ಸಂಘದ ಸದಸ್ಯತ್ವದ ಫಾರಂ ನಿಮಗೆ ಬರುತ್ತದೆ ಅಲ್ವಾ? ತುಂಬಿ ವಾಪಸ್ ಬಂದ ಫಾರಂಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತೆ. ಹೆಸರು, ಊರು, ಫೋನು, ಮಕ್ಕಳ ವಯಸ್ಸು, ಊಟ ಸಸ್ಯಾಹಾರವೋ ಮಾಂಸಾಹಾರವೋ, ಉದ್ಯೋಗ. ಉದ್ಯೋಗಕ್ಕೆ ಒಂದೇ ಕಾಲಂ, ಅದೂ ಗಂಡನ ಹೆಸರಿನ ಪಕ್ಕದಲ್ಲಿ. ಒಂದು ಫಾರಂನಲ್ಲಿ ಮಾತ್ರ ಹಾಳೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಹೀಗೆ ಬರೆದಿತ್ತು: "ನಾನು: ಪಿಎಚ್.ಡಿ., ಬಯೋಕೆಮಿಸ್ಟ್ರಿ. ಸದ್ಯಕ್ಕೆ ಏನೂ ಇಲ್ಲ."

ಒಂದೇ ಕಾಲಂನ ಆ ಫಾರಂನ ನಮೂನೆ ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ. ಆರು ವರ್ಷದ ಹಿಂದೆ ಹಳೇ ಫಾರಂ ಒಂದನ್ನು ನೋಡಿ ಹಾಗೇ ಇಳಿಸಿದ್ದೆ. ಊರಲ್ಲಿ ಎಂ.ಎಸ್ಸಿ. ಮುಗಿಸಿ ಬಂದು, ಎಚ್-4 ವೀಸಾದಲ್ಲಿ (ಇಲ್ಲಿ ಕೆಲಸಕ್ಕೆ ಬಂದವರ ಗಂಡ ಇಲ್ಲವೇ ಹೆಂಡತಿಗೆ ಸಿಗುವ ವೀಸಾ) ಎಂಟು ವರ್ಷ ಮನೆಯಲ್ಲಿ ಕೂತಿದ್ದವಳು ನಾನು. ನನಗೇ ಹೊಳೆಯಲಿಲ್ಲ ನೋಡಿ.

ಆ ಸಾಲು ಓದುತ್ತಲೇ ಭೌತವಿಜ್ಞಾನಿ ರೋಹಿಣಿ ಗೋಡಬೋಲೆ ನೆನಪಾದರು. 2024ರ ಅಕ್ಟೋಬರ್ 25ರಂದು ಅವರು ಪುಣೆಯಲ್ಲಿ ತೀರಿಕೊಂಡಾಗ ನಮ್ಮ ದೀಪಾವಳಿ ಸಂಚಿಕೆ ಅಚ್ಚಿಗೆ ಹೋಗಿಯಾಗಿತ್ತು. ಎರಡು ಸಾಲು ಕೂಡ ಹಾಕಲು ಆಗಲಿಲ್ಲ. ಆ ಬಾಕಿ ಈಗ ತೀರಿಸುತ್ತಿದ್ದೇನೆ.

ಅವರು ಮರಾಠಿಯವರು, ಹುಟ್ಟಿದ್ದು 1952ರಲ್ಲಿ, ಪುಣೆಯಲ್ಲಿ. ಆದರೆ ಬೆಂಗಳೂರಿನವರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ 1995ರಲ್ಲಿ ಬಂದವರು, ನಿವೃತ್ತಿಯ ನಂತರವೂ ಅಲ್ಲಿನ ನಂಟು ಬಿಡಲಿಲ್ಲ. ಚಿಕ್ಕವರಿದ್ದಾಗ ಓದಿದ್ದು ಹೆಣ್ಣುಮಕ್ಕಳ ಶಾಲೆಯಲ್ಲಿ. ಏಳನೇ ಕ್ಲಾಸಿನವರೆಗೆ ಅಲ್ಲಿ ವಿಜ್ಞಾನದ ಬದಲು ಗೃಹವಿಜ್ಞಾನ ಕಲಿಸುತ್ತಿದ್ದರು. ರಾಜ್ಯಮಟ್ಟದ ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರಬೇಕಾಗಿ ಬಂದಾಗಲೇ ವಿಜ್ಞಾನದ ಪುಸ್ತಕ ತೆರೆದದ್ದು. ಮುಂದೆ ಐಐಟಿ ಬಾಂಬೆಯಲ್ಲಿ ಎಂ.ಎಸ್ಸಿ., ಆಮೇಲೆ ಪಿಎಚ್.ಡಿ.ಗೆ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿರುವ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯ. ನಮ್ಮ ಸದಸ್ಯರಲ್ಲಿ ಕೆಲವರ ಮನೆಯಿಂದ ಅರ್ಧ ಗಂಟೆ ದಾರಿ. 1979ರಲ್ಲಿ ಡಿಗ್ರಿ ಸಿಕ್ಕಿತು, ಅದೇ ವರ್ಷ ಊರಿಗೆ ಹೊರಟರು. ಮುಂಬೈಯ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ಮೂರು ವರ್ಷ, ಆಮೇಲೆ ಮುಂಬೈ ವಿಶ್ವವಿದ್ಯಾಲಯದಲ್ಲಿ ಹದಿಮೂರು ವರ್ಷ ಮೇಷ್ಟರ ಕೆಲಸ.

ಹೆಸರು ತಂದುಕೊಟ್ಟ ಸಂಶೋಧನೆ ನಡೆದದ್ದು ಆ ಪಾಠದ ವರ್ಷಗಳಲ್ಲೇ. ಬೆಳಕಿನ ಕಣ ಫೋಟಾನ್. ಅದರ ಒಳಗೆ ಏನೂ ಇಲ್ಲ ಅಂತ ನಾವು ಓದಿದ್ದು. ಆದರೆ ಶಕ್ತಿ ತುಂಬಾ ಜಾಸ್ತಿ ಇದ್ದಾಗ, ಎಣಿಸಲಾಗದಷ್ಟು ಚಿಕ್ಕ ಹೊತ್ತು, ಅದು ಪ್ರೋಟಾನಿನ ಒಳಗಿರುವಂಥ ಕ್ವಾರ್ಕು, ಗ್ಲುವಾನು ಕಣಗಳನ್ನು ಕಟ್ಟಿಟ್ಟ ಗಂಟಿನ ಹಾಗೆ ವರ್ತಿಸುತ್ತದೆ. ಈಗ ಎಲೆಕ್ಟ್ರಾನು, ಅದರ ವಿರುದ್ಧ ಚಾರ್ಜಿನ ಜೋಡಿಯಾದ ಪಾಸಿಟ್ರಾನುಗಳನ್ನು ಒತ್ತೊತ್ತಾಗಿ ತುಂಬಿ ಎದುರುಬದುರು ಹಾಯಿಸುವ ಯಂತ್ರ ಕಟ್ಟುತ್ತೀರಿ ಅನ್ನಿ. ಹತ್ತಿರ ಬಂದಾಗ ಎರಡೂ ಕಡೆಯವು ಒಂದನ್ನೊಂದು ಬಾಗಿಸುತ್ತವೆ, ಬಾಗುವಾಗ ಬೆಳಕು ಚೆಲ್ಲುತ್ತವೆ. ಆ ಬೆಳಕಿಗೆ ಈ ಬೆಳಕು ಬಡಿದು ಬೇಡದ ಕಣಗಳು ಏಳುತ್ತವೆ. ನಿಜಕ್ಕೂ ನೋಡಬೇಕಾದ ಕಣ ಆ ಗಲಾಟೆಯಲ್ಲಿ ಮುಚ್ಚಿಹೋಗಬಹುದು. ಇದು ಎಷ್ಟು ಏಳುತ್ತದೆ ಅಂತ 1990ರ ದಶಕದ ಶುರುವಿನಲ್ಲಿ ಭೌತವಿಜ್ಞಾನಿ ಮಾನುಯೆಲ್ ಡ್ರೀಸ್ ಜೊತೆ ಸೇರಿ ಲೆಕ್ಕ ಹಾಕಿಕೊಟ್ಟರು. ಭತ್ತ ಬಡಿಯುವ ಮೊದಲೇ ಹೊಟ್ಟು ಎಷ್ಟು ಏಳುತ್ತೆ ಅಂತ ಹೇಳಿದ ಹಾಗೆ. ಇಂಥ ಡಿಕ್ಕಿ ಯಂತ್ರಗಳ, ಅಂದರೆ ಮುಂದಿನ ಕೊಲೈಡರ್‌ಗಳ ನಕ್ಷೆ ಹಾಕುವವರು ಆ ಲೆಕ್ಕ ಬಿಟ್ಟು ಮುಂದೆ ಹೋಗುವಂತಿರಲಿಲ್ಲ. ಆ ವಿದ್ಯಮಾನಕ್ಕೆ ಡ್ರೀಸ್-ಗೋಡಬೋಲೆ ಪರಿಣಾಮ ಅಂತಲೇ ಹೆಸರು. ಪದ್ಮಶ್ರೀ 2019ರಲ್ಲಿ ಬಂತು, ಫ್ರಾನ್ಸ್ ಸರ್ಕಾರದ ಗೌರವ 2021ರಲ್ಲಿ.

ಇಷ್ಟೇ ಆಗಿದ್ದರೆ ದೊಡ್ಡ ವಿಜ್ಞಾನಿ ಅಂತ ಬರೆದು ಮುಗಿಸಬಹುದಿತ್ತು. ಆದರೆ ಅವರಿಗೆ ಇನ್ನೊಂದು ಲೆಕ್ಕದ ಹುಚ್ಚು ಹಿಡಿದಿತ್ತು. ಪಿಎಚ್.ಡಿ. ಮಾಡುವ ಹೆಣ್ಣುಮಕ್ಕಳು ಅಷ್ಟೊಂದು ಜನ ಇದ್ದಾರೆ, ಪ್ರೊಫೆಸರ್ ಕುರ್ಚಿಯಲ್ಲಿ ಕಾಣುವವರು ಬೆರಳೆಣಿಕೆ. ಮಧ್ಯದಲ್ಲಿ ಇವರೆಲ್ಲ ಎಲ್ಲಿ ಹೋದರು?

ಇದಕ್ಕೆ ನಾವೆಲ್ಲ ಕೊಡುವ ಉತ್ತರ ಗೊತ್ತಲ್ಲ. ಮದುವೆ, ಮಕ್ಕಳು, ಅತ್ತೆಮಾವ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಮಹಿಳಾ ವಿಜ್ಞಾನಿಗಳ ಸಮಿತಿಯನ್ನು ಗೋಡಬೋಲೆ ನಡೆಸುತ್ತಿದ್ದರು. ಅಕಾಡೆಮಿಯವರು, ಬೆಂಗಳೂರಿನ ನಿಯಾಸ್ ಸಂಶೋಧನಾ ಸಂಸ್ಥೆಯ ಅನಿತಾ ಕುರೂಪ್ ಅವರ ತಂಡದವರು ಸೇರಿ ಪಿಎಚ್.ಡಿ. ಮಾಡಿದ ನೂರಾರು ಹೆಂಗಸರನ್ನು ಹುಡುಕಿ ಕೇಳಿದರು. ಗಂಡಸರನ್ನೂ ಕೇಳಿದರು. ವರದಿ ಬಂದದ್ದು 2010ರಲ್ಲಿ. ಸಂಶೋಧನೆ ಬಿಟ್ಟ ಹೆಂಗಸರು ಮನೆಗಿಂತ ಜಾಸ್ತಿ ದೂರಿದ್ದು ತಕ್ಕ ಕೆಲಸ ಸಿಗದ್ದನ್ನು. ನನಗೆ ಇದು ಕೆನ್ನೆಗೆ ಹೊಡೆದಂತೆ ಆಯಿತು. ನಾನೂ ಎಷ್ಟು ಜನರಿಗೆ "ಮಕ್ಕಳು ಚಿಕ್ಕವರಿದ್ರು, ಅದಕ್ಕೇ" ಅಂದಿದ್ದೇನೋ. ಮಕ್ಕಳು ಚಿಕ್ಕವರಿದ್ದದ್ದು ನಿಜ. ನನ್ನನ್ನು ಯಾರೂ ಕರೆಯಲಿಲ್ಲ ಅನ್ನುವುದೂ ನಿಜ, ಅದನ್ನು ಮಾತ್ರ ಹೇಳುತ್ತಿರಲಿಲ್ಲ.

ಆ ವರದಿಗೂ ಎರಡು ವರ್ಷ ಮೊದಲು, 2008ರಲ್ಲಿ, ಗೋಡಬೋಲೆ ವಿಜ್ಞಾನಿ ರಾಮಕೃಷ್ಣ ರಾಮಸ್ವಾಮಿ ಜೊತೆ ಒಂದು ಪುಸ್ತಕ ತಂದಿದ್ದರು. ಭಾರತದ ಸುಮಾರು ನೂರು ಮಹಿಳಾ ವಿಜ್ಞಾನಿಗಳ ಬದುಕು, ಬದುಕಿರುವವರು ಬಹಳಷ್ಟು ಜನ ತಾವೇ ಬರೆದದ್ದು. ನಮ್ಮ ಬೆಂಗಳೂರಿನ ರಾಜೇಶ್ವರಿ ಚಟರ್ಜಿಯೂ ಇದ್ದಾರೆ. 1947ರಲ್ಲಿ ಮಿಷಿಗನ್‌ಗೆ ಓದಲು ಬಂದು, ವಾಪಸ್ ಹೋಗಿ ಮೈಕ್ರೋವೇವ್ ಎಂಜಿನಿಯರಿಂಗ್ ಪಾಠ ಮಾಡಿದವರು. ಪುಸ್ತಕದ ಹೆಸರು "ಲೀಲಾವತೀಸ್ ಡಾಟರ್ಸ್". ಲೀಲಾವತಿಯ ಹೆಣ್ಣುಮಕ್ಕಳು.

ಲೀಲಾವತಿ ಭಾಸ್ಕರಾಚಾರ್ಯನ ಮಗಳಂತೆ. (ಭಾಸ್ಕರಾಚಾರ್ಯ ವಿಜಯಪುರದವನು ಅಂತ ನಾವು, ಅಲ್ಲ ನಮ್ಮ ಖಾನ್‌ದೇಶದವನು ಅಂತ ಮರಾಠಿಯವರು. ಆ ಜಗಳ ಇಲ್ಲಿ ಬೇಡ.) ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಭಾಸ್ಕರಾಚಾರ್ಯನ "ಲೀಲಾವತಿ" ಎಂಬ ಗಣಿತ ಪುಸ್ತಕವನ್ನು ಪರ್ಷಿಯನ್ ಭಾಷೆಗೆ ತರುವಾಗ ಬರೆದಿಟ್ಟ ಕಥೆ ಇದು. ಮದುವೆಗೆ ಒಂದೇ ಒಂದು ಒಳ್ಳೆಯ ಗಳಿಗೆ. ಅಪ್ಪ ನೀರಿನ ಪಾತ್ರೆಯಲ್ಲಿ ಗಳಿಗೆ ಬಟ್ಟಲು ತೇಲಿಬಿಟ್ಟ. ತಳದ ತೂತಿನಿಂದ ನೀರು ಏರಿ ಬಟ್ಟಲು ಮುಳುಗಿದ ಕ್ಷಣವೇ ಮುಹೂರ್ತ. ಮದುವಣಗಿತ್ತಿಗೆ ಇದೇನು ಅಂತ ಕುತೂಹಲ. ಬಗ್ಗಿ ನೋಡಿದಳು. ಒಡವೆಯಿಂದ ಒಂದು ಮುತ್ತು ಕಳಚಿ ಬಟ್ಟಲಿಗೆ ಬಿತ್ತು, ತೂತಿಗೆ ಸಿಕ್ಕಿಕೊಂಡಿತು. ನೀರು ಏರಲಿಲ್ಲ, ಬಟ್ಟಲು ಮುಳುಗಲಿಲ್ಲ, ಎಲ್ಲರೂ ಕಾಯುತ್ತಾ ಕೂತರು. ಗಳಿಗೆ ಕಳೆದುಹೋಯಿತು. ಮಗಳ ಸಮಾಧಾನಕ್ಕೆ ಅಪ್ಪ ಅವಳ ಹೆಸರಲ್ಲಿ ಗಣಿತದ ಪುಸ್ತಕ ಬರೆದ.

ಕಥೆ ನಿಜವೋ ಸುಳ್ಳೋ, ಬಿಡಿ. ಬಗ್ಗಿ ನೋಡಿದ್ದು ತಪ್ಪು ಅನ್ನುವ ಧಾಟಿ ನನಗೆ ಹಿಡಿಸುವುದಿಲ್ಲ. ಆದರೆ ಗಳಿಗೆ ಮೀರಿದ್ದರ ಸಂಕಟ ಗೊತ್ತು. ಭಾರತದಲ್ಲಿ ಎಷ್ಟೋ ಫೆಲೋಶಿಪ್, ಪ್ರಶಸ್ತಿ, ಹುದ್ದೆಗಳಿಗೆ ವಯಸ್ಸಿನ ಮಿತಿ ಇದೆ. ಮೂವತ್ತೈದು ದಾಟಿದರೆ ಮುಗಿಯಿತು ಅನ್ನುವ ಥರ. 2020ರ ಕೊನೆಗೆ ಕೇಂದ್ರದ ವಿಜ್ಞಾನ ನೀತಿಯ ಕರಡು ಹೊರಬಂತಲ್ಲ, ಅದರಲ್ಲಿ ಈ ಗಂಟನ್ನು ಬಿಚ್ಚುವ ಒಂದು ಮಾತಿದೆ. ಹುಟ್ಟಿದ ದಿನದಿಂದ ವಯಸ್ಸು ಎಣಿಸಬೇಡಿ, ಸಂಶೋಧನೆಯಲ್ಲಿ ಇದ್ದ ವರ್ಷಗಳನ್ನು ಎಣಿಸಿ ಅಂತ. ಮುತ್ತು ತೆಗೆದು ಬಟ್ಟಲನ್ನು ಮತ್ತೆ ನೀರಿಗೆ ಬಿಡುವುದು ಅಂದರೆ ಇದೇ ತಾನೆ? ಆಯ್ಕೆ ಸಮಿತಿಗಳಲ್ಲಿ ಶೇಕಡಾ 30ರಷ್ಟಾದರೂ ಹೆಂಗಸರಿರಬೇಕು ಅಂತಲೂ ಇದೆ. ಗೋಡಬೋಲೆ ವರ್ಷಗಟ್ಟಲೆ ಸಮಿತಿಯಿಂದ ಸಮಿತಿಗೆ ಓಡಾಡಿ ಪಟ್ಟು ಹಿಡಿದಿದ್ದು ಇಂಥ ವಿಷಯಗಳಿಗೇ. ಹಿಗ್ಸ್ ಕಣದ ಪೇಪರು ಬರೆಯುವ ಕೈ ಮೀಟಿಂಗ್ ನಡಾವಳಿಯನ್ನೂ ತಿದ್ದಬೇಕು. ಬೇಸರದ ಕೆಲಸ. ಒಳ್ಳೆಯ ವಿಜ್ಞಾನಿಗಳು ಬಹಳ ಜನ ಅದರಿಂದ ತಪ್ಪಿಸಿಕೊಳ್ಳುತ್ತಾರೆ, ಇವರು ತಪ್ಪಿಸಿಕೊಳ್ಳಲಿಲ್ಲ.

ಇಲ್ಲಿ ನಮ್ಮ ಬಟ್ಟಲಿಗೆ ಸಿಕ್ಕ ಮುತ್ತು ವೀಸಾ. 2015ರ ಮೇ ತಿಂಗಳವರೆಗೆ ಎಚ್-4 ಇದ್ದವರು ಕೆಲಸ ಮಾಡುವಂತೆಯೇ ಇರಲಿಲ್ಲ. ಆಮೇಲೂ, ಗಂಡನ ಗ್ರೀನ್‌ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ.

ಅಂಚಿನಲ್ಲಿ ಬರೆದಿದ್ದವರಿಗೆ ಫೋನ್ ಮಾಡಿದೆ. ಶಿವಮೊಗ್ಗ ಕಡೆಯವರು, ನನಗಿಂತ ತುಂಬಾ ಚಿಕ್ಕವರು.

"ಅಯ್ಯೋ, ಸುಮ್ನೆ ಬರೆದೆ ಅಕ್ಕಾ, ಜಾಗ ಖಾಲಿ ಇತ್ತು ಅಂತ," ಅಂದರು. ಆಮೇಲೆ ನಿಧಾನಕ್ಕೆ ಹೇಳಿದರು. ಪರವಾನಗಿ ಬಂದ ಮೇಲೆ ಒಂದು ಲ್ಯಾಬಿಗೆ ಇಂಟರ್‌ವ್ಯೂಗೆ ಹೋಗಿದ್ದರಂತೆ. "ಐದು ವರ್ಷ ಏನ್ ಮಾಡ್ತಿದ್ರಿ ಅಂತ ಕೇಳಿದ್ರು. ಇಬ್ಬರು ಮಕ್ಕಳನ್ನ ಕರ್ಕೊಂಡು ಹೋಗಿ ತೋರಿಸ್ಬೇಕಿತ್ತಾ ಅಕ್ಕಾ?" ಇಬ್ಬರೂ ನಕ್ಕೆವು. ನಗು ಬೇಗ ನಿಂತುಹೋಯಿತು.

ಹೊಸ ಫಾರಂ ಈ ಸಂಚಿಕೆಯ ಕೊನೆಯ ಪುಟದಲ್ಲಿದೆ. ಮನೆಯ ಪ್ರತಿಯೊಬ್ಬ ದೊಡ್ಡವರಿಗೂ ಎರಡೆರಡು ಕಾಲಂ: ಓದಿದ್ದು ಏನು, ಈಗ ಮಾಡುತ್ತಿರುವುದು ಏನು. ಹಳೇದನ್ನು ತುಂಬಿ ಕಳಿಸಿದವರೂ ಬೇಜಾರು ಮಾಡಿಕೊಳ್ಳದೆ ಇನ್ನೊಮ್ಮೆ ತುಂಬಿ. ಬಂದ ಮೇಲೆ, ಕೆಲಸ ಹುಡುಕುತ್ತಿರುವವರನ್ನು ಅದೇ ವಿಷಯ ಓದಿ ಕೆಲಸದಲ್ಲಿರುವವರಿಗೆ ಪರಿಚಯ ಮಾಡಿಸುತ್ತೇವೆ. ಸಂಘದ ಕೈಲಾಗುವುದು ಅಷ್ಟು.

ಇನ್ನೊಂದು ವಿಷಯ. ಮುಂದಿನ ಭಾನುವಾರದ ಕನ್ನಡ ಕ್ಲಾಸಿನಲ್ಲಿ ನಮ್ಮ ಶಿವಮೊಗ್ಗದ ಡಾಕ್ಟರಮ್ಮ ಮಕ್ಕಳಿಗೆ "ಹಾಲು ಮೊಸರಾಗುವುದು ಹೇಗೆ" ಅಂತ ಮಾಡಿ ತೋರಿಸುತ್ತಾರೆ. ಕನ್ನಡದಲ್ಲೇ. ಪ್ರತಿ ಮಗುವೂ ಮನೆಯಿಂದ ಒಂದು ಚಮಚ ಹೆಪ್ಪು ತರಬೇಕಂತೆ. ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಕಳಿಸಿ, ದಯವಿಟ್ಟು. ಹೋದ ಸಲದ ಸಾರಿನ ಕಲೆ ಕಾರ್ಪೆಟ್ ಮೇಲೆ ಇನ್ನೂ ಇದೆ.