ಇತಿಹಾಸದ ಪುಟದಲ್ಲಿ ನಿನ್ನ ಹೆಸರು

ಪ್ರೀತಿಯ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಕನ್ನಡ ವಿಕಿಪೀಡಿಯದ ಲಕ್ಕುಂಡಿ ಪುಟಕ್ಕೆ ನೀನು ಸೇರಿಸಿದ್ದ ಸಾಲನ್ನು ಯಾರೋ ಅಳಿಸಿದರೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ರಾತ್ರಿ ನೀನು ಊಟ ಮಾಡಲಿಲ್ಲವಂತೆ. ಕೂಡಲೇ ಆ ಪುಟದ ಇತಿಹಾಸವನ್ನು, ಅಂದರೆ ಯಾರು ಯಾವಾಗ ಏನು ಬದಲಿಸಿದರೆಂಬ ದಾಖಲೆಯನ್ನು, ತೆರೆದು ನೋಡಿದೆ. ‘ಇಲ್ಲಿ ನೂರೊಂದು ಗುಡಿ, ನೂರೊಂದು ಬಾವಿಗಳಿವೆ’ ಎಂದು ನೀನು ಬರೆದಿದ್ದೆ. ‘ಉಲ್ಲೇಖವಿಲ್ಲ’ ಎಂದು ಕಾರಣ ಕೊಟ್ಟು ಅವರು ತೆಗೆದರು. ನೀನು ಮತ್ತೆ ಹಾಕಿದೆ, ಅವರು ಮತ್ತೆ ತೆಗೆದರು. ಆಮೇಲೆ ಚರ್ಚೆಪುಟಕ್ಕೆ ಹೋಗಿ, ‘ನಮ್ಮ ಊರಿನ ವಿಷಯ ನಿಮಗೇನು ಗೊತ್ತು?’ ಎಂದು ಕೇಳಿದ್ದೀಯ.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ, ಏಕೆಂದರೆ ನಾನೂ ಹಾಗೆಯೇ ಸಿಟ್ಟಾದವನು. ಹೊಸದರಲ್ಲಿ ಒಂದು ಪುಸ್ತಕದಿಂದ ನಾಲ್ಕು ಪ್ಯಾರಾಗಳನ್ನು ಹಾಗೆಯೇ ಎತ್ತಿ ಹಾಕಿದ್ದೆ. ಕೃತಿಸ್ವಾಮ್ಯದ ಕಾರಣಕ್ಕೆ ಅದು ಅಳಿಸಿಹೋಯಿತು. ಕನ್ನಡಕ್ಕಾಗಿ ದುಡಿಯುವವನನ್ನೇ ಓಡಿಸುತ್ತೀರಿ ಎಂದು ಜಗಳವಾಡಿ ಆರು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಅವರದ್ದೇ ಸರಿಯಾಗಿತ್ತು. ಆ ಜಗಳದ ಮಾತುಗಳೆಲ್ಲ ಇಂದಿಗೂ ಅಲ್ಲಿವೆ, ನನ್ನ ಸಹಿಯೊಂದಿಗೆ.

ಮರಳಿ ಬಂದಾಗ ದೊಡ್ಡ ಲೇಖನಕ್ಕೆ ಕೈ ಹಾಕುವ ಧೈರ್ಯವಾಗಲಿಲ್ಲ. ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಅಂಕಿಯನ್ನು ಒತ್ತಿ ‘ಸೂರ್ಯ’ವನ್ನು ‘ಸೂಯ೯’ ಎಂದೂ ‘ಧರ್ಮ’ವನ್ನು ‘ಧಮ೯’ ಎಂದೂ ಬರೆದವರು ಬಹಳ ಮಂದಿ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಹುಡುಕಿದರೆ ಮಾತ್ರ ಸಿಗುವುದಿಲ್ಲ. ಊಟವಾದ ಮೇಲೆ ದಿನಕ್ಕೆ ಹತ್ತಿಪ್ಪತ್ತು ಪದಗಳನ್ನು ತಿದ್ದುತ್ತಿದ್ದೆ. ಏನು ತಿದ್ದಿದೆನೆಂದು ಸಂಪಾದನೆಯ ಸಾರಾಂಶದಲ್ಲಿ ಒಂದು ಸಾಲು ಬರೆಯುತ್ತಿದ್ದೆ. ಯಾರೂ ಭೇಷ್ ಎನ್ನಲಿಲ್ಲ. ಒಂದು ದಿನ, ನನ್ನ ಬರಹವನ್ನು ಅಳಿಸಿದ್ದ ಅದೇ ವ್ಯಕ್ತಿ ಒಂದು ಶಾಸನದ ಪಾಠ ಸರಿಯಿದೆಯೇ ನೋಡಿಕೊಡಿ ಎಂದು ನನ್ನ ಚರ್ಚೆಪುಟದಲ್ಲಿ ಕೇಳಿದರು. ಎಷ್ಟು ಸಂತೋಷವಾಯಿತೆಂದರೆ, ನಿನ್ನ ದೊಡ್ಡಮ್ಮನನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ.

ನೀನು ಬರೆದದ್ದು ಸುಳ್ಳಲ್ಲ ಮಗಳೇ. ಊರವರು ಹಾಗೆಯೇ ಹೇಳುತ್ತಾರೆ. ಆದರೆ ‘ಇವೆ’ ಎನ್ನುವುದು ಬೇರೆ, ‘ಇದ್ದವೆಂದು ಹೇಳುತ್ತಾರೆ’ ಎನ್ನುವುದು ಬೇರೆ. ಎರಡನೆಯದಕ್ಕೂ ಅಚ್ಚಾದ ಆಧಾರ ಬೇಕು. ಹುಡುಕಿದರೆ ಖಂಡಿತ ಸಿಗುತ್ತದೆ. ನಿಮ್ಮ ಊರಿನ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಆ ಓಲೆಗಳ ಮುಂದೆ ಬಗ್ಗಿ ಕುಳಿತು ಅಕ್ಷರ ತಪ್ಪದಂತೆ ನಕಲು ಮಾಡಿದವರನ್ನು ನಾನು ಆಗಾಗ ನೆನೆಯುತ್ತೇನೆ. 2003ರಲ್ಲಿ ಆರಂಭವಾದ ಈ ಕನ್ನಡ ವಿಕಿಪೀಡಿಯದಲ್ಲಾದರೋ ಯಾವ ಅಕ್ಷರವನ್ನು ಯಾರು ಯಾವ ಗಳಿಗೆಯಲ್ಲಿ ಬರೆದರೆಂಬುದು ಉಳಿಯುತ್ತದೆ. ನಿನ್ನನ್ನು ಕಣ್ಣಾರೆ ಕಾಣದವರು ನಿನ್ನನ್ನು ಅಳೆಯುವುದು ಅದರಿಂದಲೇ. ಇನ್ನೊಬ್ಬರು ತಿದ್ದಿದಾಗ ನೀನು ಏನು ಹೇಳಿದೆ ಎಂಬುದನ್ನು ಅವರು ಮೊದಲು ನೋಡುತ್ತಾರೆ, ಎಷ್ಟು ಬರೆದೆ ಎಂಬುದನ್ನು ಆಮೇಲೆ.

ಇವತ್ತೇ ಚರ್ಚೆಪುಟಕ್ಕೆ ಹೋಗು. ಹಿಂದಿನ ಮಾತನ್ನು ಅಳಿಸಬೇಡ. ಅದರ ಕೆಳಗೆ, ಆಧಾರ ಹುಡುಕಿ ತರುತ್ತೇನೆ, ಒರಟಾಗಿ ಮಾತನಾಡಿದ್ದಕ್ಕೆ ಕ್ಷಮಿಸಿ ಎಂದು ಬರೆದು ಸಹಿ ಹಾಕು. ಅವರು ಉತ್ತರಿಸದಿದ್ದರೂ ಬೇಸರಿಸಬೇಡ. ಅವರೂ ಸಂಬಳವಿಲ್ಲದೆ, ಮನೆಗೆಲಸ ಮುಗಿಸಿ ಬಂದು ಕುಳಿತವರು.

ದೀಪಾವಳಿಗೆ ನಾನು ಬರುತ್ತೇನೆ. ಹಳೆಯ ಶಾಸನ ಸಂಪುಟವೊಂದನ್ನು ಗ್ರಂಥಾಲಯದಿಂದ ತರುತ್ತೇನೆ. ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿಗೆ ಇಬ್ಬರೂ ಇಳಿಯೋಣ; ನೀನು ಫೋಟೋ ತೆಗೆ, ನಾನು ಮೆಟ್ಟಿಲು ಎಣಿಸುತ್ತೇನೆ.

ಇಂತು ನಿನ್ನ
ದೊಡ್ಡಪ್ಪ